ಸವಾನಾ ಉಡದ ಮರಿಗೆ ನಾನು ಹಾಕುವ ಊಟ

ಸವಾನಾ ಮಾನಿಟರ್ ಪಶ್ಚಿಮ ಆಫ್ರಿಕಾದ ಹುಲ್ಲುಗಾವಲಿನ ಉಡ. ಘಾನಾ, ಟೋಗೊ, ಬೆನಿನ್ ದೇಶಗಳಿಂದ ಇದರ ಮರಿಗಳು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಬರುತ್ತವೆ. ನಾನಿರುವ ಟೆಕ್ಸಾಸ್‌ನ ಸಾಕುಪ್ರಾಣಿ ಅಂಗಡಿಗಳಲ್ಲಿ ಅಗ್ಗವಾಗಿಯೇ ಸಿಗುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡೊಯ್ದವರ ಮನೆಯಲ್ಲಿ ಇವು ಬೇಗ ಸಾಯುವುದನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ಹೆಚ್ಚಿನ ಸಾವುಗಳ ಹಿಂದೆ ತಪ್ಪು ಊಟ ಮತ್ತು ಶಾಖದ ಕೊರತೆ ಇರುತ್ತವೆ ಎಂಬುದು ನನ್ನ ಖಚಿತ ನಂಬಿಕೆ.

ಮರಿಯನ್ನು ಕೊಳ್ಳುವಾಗ ಅಂಗಡಿಯವರು, ‘ಇಲಿಮರಿ ಹಾಕಿ, ಬೇಗ ಬೆಳೆಯುತ್ತದೆ’ ಎಂದರು. ಬೆಳೆಯುವುದೇನೋ ನಿಜ, ಆದರೆ ಬೆಳೆಯುವುದು ಕೊಬ್ಬು. ಘಾನಾದ ಕಾಡುಹುಲ್ಲಿನಲ್ಲಿ ಈ ಉಡಗಳ ಬೆನ್ನು ಹತ್ತಿದ ಸಂಶೋಧಕರು ಮರಿಗಳ ಆಹಾರದಲ್ಲಿ ಕಂಡದ್ದು ಬಹುಪಾಲು ಜೀರುಂಡೆ (ಕ್ರಿಕೆಟ್ ಹುಳು), ಮಿಡತೆಗಳನ್ನು. ದೊಡ್ಡವು ಸಹಸ್ರಪದಿ, ಓಡುಳ್ಳ ದುಂಬಿ, ಬಸವನಹುಳು, ಚೇಳುಗಳನ್ನೂ ತಿನ್ನುತ್ತವೆ. ಇಲಿಯಂಥ ಪ್ರಾಣಿ ಸಿಗುವುದು ಅಪರೂಪ. ಹುಳುಗಳು ಹೇರಳವಾಗಿರುವ ಮಳೆಗಾಲದಲ್ಲಿ ಮರಿಗಳು ಮೊಟ್ಟೆಯೊಡೆದು ಬರುತ್ತವೆ, ದೊಡ್ಡ ಜೀರುಂಡೆಗಳು ತೋಡಿದ ಬಿಲಗಳಲ್ಲೇ ಅಡಗುತ್ತವೆ. ಹುಳು ತಿಂದು ಬೆಳೆಯಲೆಂದೇ ರೂಪುಗೊಂಡ ಜೀವಕ್ಕೆ ದಿನವೂ ಇಲಿಮರಿ ಉಣಿಸಿದರೆ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ದಪ್ಪ ಬಾಲ, ನೆಲಕ್ಕೆ ತಾಗುವ ಹೊಟ್ಟೆ ನೋಡಿ ‘ಚೆನ್ನಾಗಿ ಸಾಕಿದ್ದೀರಿ’ ಎನ್ನುವವರಿದ್ದಾರೆ. ಅದು ರೋಗದ ಲಕ್ಷಣ.

ನಮ್ಮ ಮನೆಯ ಮರಿಗೆ ಜೀರುಂಡೆ ಮತ್ತು ಡ್ಯೂಬಿಯಾ ಜಿರಳೆ ಮುಖ್ಯ ಆಹಾರ. ಡ್ಯೂಬಿಯಾ ದಕ್ಷಿಣ ಅಮೆರಿಕದ ಜಿರಳೆ, ನಯವಾದ ಗೋಡೆ ಹತ್ತಲಾರದು, ಹಾಗಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸುಲಭವಾಗಿ ಸಾಕಬಹುದು. ಇವುಗಳ ಜೊತೆಗೆ ಎರೆಹುಳು, ರೇಷ್ಮೆಹುಳು, ಮಾಂಸಕ್ಕಾಗಿ ಸಾಕಿದ ಬಸವನಹುಳು ಬದಲಿಸಿ ಬದಲಿಸಿ ಬರುತ್ತವೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡುತ್ತ ಬೆಳೆದ ನನಗೆ ಉಡದ ಬಾಯಿಗೆ ರೇಷ್ಮೆಹುಳು ಹಿಡಿಯುವುದು ಮೊದಮೊದಲು ಕಷ್ಟವೇ ಆಯಿತು. ಆದರೂ ಮೆದುವಾದ, ಕೊಬ್ಬು ಕಡಿಮೆಯಿರುವ ಒಳ್ಳೆಯ ಆಹಾರವದು. ಮೇಣದ ಹುಳು ಮತ್ತು ಸೂಪರ್‌ವರ್ಮ್ ಎಂಬ ದುಂಬಿಯ ಮರಿಹುಳುಗಳಲ್ಲಿ ಕೊಬ್ಬು ಹೆಚ್ಚು, ಅವು ಯಾವಾಗಲಾದರೊಮ್ಮೆ ಮಾತ್ರ. ನಾಯಿ, ಬೆಕ್ಕಿನ ಡಬ್ಬಿ ಆಹಾರವನ್ನು ನಾನು ಮನೆಗೇ ತರುವುದಿಲ್ಲ.

ಹಾಕುವ ಹುಳು ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಎಳೆಯದಿದ್ದಾಗ ಪ್ರತಿದಿನ, ಹತ್ತು ಹದಿನೈದು ನಿಮಿಷದಲ್ಲಿ ಮುಗಿಸುವಷ್ಟು ಕೊಡುತ್ತಿದ್ದೆ. ತಿಂದುಳಿದ ಜೀರುಂಡೆಗಳನ್ನು ರಾತ್ರಿ ಗೂಡಿನಲ್ಲಿ ಬಿಡುವುದಿಲ್ಲ, ಮಲಗಿದ ಮರಿಯನ್ನು ಅವು ಕಚ್ಚುತ್ತವೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಸುಣ್ಣ, ಅಂದರೆ ಕ್ಯಾಲ್ಸಿಯಂ. ಜೀರುಂಡೆಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಆದರೆ ಉಡಕ್ಕೆ ಬೇಕಿರುವುದು ರಂಜಕದ ಸುಮಾರು ಎರಡರಷ್ಟು ಕ್ಯಾಲ್ಸಿಯಂ. ಹಾಗೆಯೇ ಹಾಕಿದರೆ ಎಲುಬು ಮೆತ್ತಗಾಗಿ ದವಡೆ ಡೊಂಕಾಗುತ್ತದೆ, ಕಾಲು ನಡುಗುತ್ತದೆ. ಅದಕ್ಕೇ ಹುಳುಗಳಿಗೆ ಹಿಂದಿನ ದಿನವೇ ಸೊಪ್ಪು, ಕ್ಯಾರೆಟ್, ಕುಂಬಳಕಾಯಿ ಹಾಕಿ ಹೊಟ್ಟೆ ತುಂಬಿಸುತ್ತೇನೆ. ಬಡಿಸುವ ಮುನ್ನ ಚೀಲದಲ್ಲಿ ಹುಳುಗಳ ಜೊತೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಹಾಕಿ, ಕಡಲೆಗೆ ಉಪ್ಪುಖಾರ ಹಚ್ಚುವಂತೆ ಮೆಲ್ಲಗೆ ಕುಲುಕುತ್ತೇನೆ. ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ವಿಟಮಿನ್ ಡಿ3 ಇರುವ ಪುಡಿ ವಾರಕ್ಕೊಮ್ಮೆ ಸಾಕು. ಗೂಡಿನಲ್ಲಿ ಯುವಿಬಿ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ) ದೀಪವೂ ಇದೆ, ಆ ಬೆಳಕಿನಿಂದ ಉಡದ ಚರ್ಮವೇ ಡಿ3 ತಯಾರಿಸಿಕೊಳ್ಳುತ್ತದೆ.

ಶಾಖವಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಬಿಸಿಲು ಕಾಯುವ ಕಲ್ಲಿನ ಮೇಲ್ಮೈ 55 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ತಾಪಮಾಪಕದಿಂದ ಇದನ್ನು ಅಳೆಯುತ್ತೇನೆ, ಅಂದಾಜಿಗೆ ಬಿಡುವುದಿಲ್ಲ. ಗೂಡಿನ ಇನ್ನೊಂದು ತುದಿ 26ರಿಂದ 28 ಡಿಗ್ರಿಯಷ್ಟು ತಂಪಾಗಿರುತ್ತದೆ. ಮೈ ಕಾಯದ ಉಡಕ್ಕೆ ತಿಂದದ್ದು ಅರಗುವುದಿಲ್ಲ. ತೇವವೂ ಅಷ್ಟೇ ಮುಖ್ಯ. ಬಿಲ ತೋಡಲು ಆಳವಾದ ಒದ್ದೆ ಮಣ್ಣು, ಮುಳುಗುವಷ್ಟು ನೀರಿನ ಬೋಗುಣಿ ಇರಬೇಕು. ನೀರು ಸಾಲದ ಉಡದ ಮೂತ್ರಪಿಂಡದಲ್ಲಿ ಯೂರಿಕ್ ಆಮ್ಲ ಗಟ್ಟಿಯಾಗಿ ಕೂರುತ್ತದೆ. ಹಿಕ್ಕೆಯ ಬಿಳಿ ಭಾಗ ಹಳದಿಯಾಗಿ ಕಲ್ಲಿನಂತಾದರೆ ಒಡನೆ ಎಚ್ಚರವಾಗಬೇಕು. ಅದಕ್ಕೇ ಹಿಕ್ಕೆ ತೆಗೆಯುವ ಕೆಲಸವನ್ನು ನಾನೇ ಮಾಡುತ್ತೇನೆ. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯ; ಸರೀಸೃಪಗಳಿಂದ ಸಾಲ್ಮೊನೆಲ್ಲಾ ಬರುತ್ತದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಹಿತ್ತಲಿನ ಹುಳುಗಳನ್ನು ಹಿಡಿದು ಹಾಕುವ ಆಸೆ ಬೇಡ. ಅಕ್ಕಪಕ್ಕದ ಹುಲ್ಲಿಗೆ ಯಾರು ಯಾವ ಕೀಟನಾಶಕ ಸಿಂಪಡಿಸಿದ್ದಾರೋ ತಿಳಿಯದು. ಅಮೆರಿಕದ ಕೆಲವು ಮಿಂಚುಹುಳುಗಳ ಮೈಯಲ್ಲಿರುವ ವಿಷಕ್ಕಂತೂ ಸಾಕಿದ ಹಲ್ಲಿಗಳು ಸತ್ತದ್ದು ದಾಖಲಾಗಿದೆ.

ಮೊನ್ನೆ ಅಣ್ಣನ ಮಗ ಊರಿನಿಂದ ಫೋನ್ ಮಾಡಿ, ‘ಚಿಕ್ಕಪ್ಪಾ, ನಮ್ಮ ತೋಟದ ಬೇಲಿಯಲ್ಲಿ ಒಂದು ಉಡದ ಮರಿ ಕಂಡಿತು, ಹಿಡಿದು ಸಾಕಲೇ?’ ಎಂದು ಕೇಳಿದ. ಬೇಡವೇ ಬೇಡ ಎಂದೆ. ನಮ್ಮ ನಾಡಿನ ಉಡಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಹಿಡಿದರೆ 3ರಿಂದ 7 ವರ್ಷ ಜೈಲು. ಕಾನೂನು ಒತ್ತಟ್ಟಿಗಿರಲಿ, ಗೆದ್ದಲು, ದುಂಬಿ, ಏಡಿ ಎಂದು ತನಗೆ ಬೇಕಾದುದನ್ನು ತಾನೇ ಹುಡುಕಿಕೊಳ್ಳುವ ಆ ಮರಿಗೆ ಡಬ್ಬಿಯ ಹುಳು ಏಕೆ? ಬೇಲಿಯ ಪೊದೆ ಕಡಿಯಬೇಡ, ಅಲ್ಲಿ ಔಷಧಿ ಹೊಡೆಯಬೇಡ, ದೂರದಿಂದ ನೋಡು ಎಂದು ಹೇಳಿದೆ.

ನಮ್ಮ ಮನೆಯದಕ್ಕೆ ಈಗ ದಿನ ಬಿಟ್ಟು ದಿನ ಊಟ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಂಥದೇ ಬೇರೊಂದು ತಕ್ಕಡಿಯಲ್ಲಿ ತೂಗಿ ಬರೆದಿಡುತ್ತೇನೆ. ಉದ್ದ ಬೆಳೆಯದೆ ತೂಕ ಮಾತ್ರ ಏರಿದರೆ ಮುಂದಿನ ವಾರ ಜಿರಳೆ ಕಡಿಮೆ ಮಾಡಿ, ಮಣ್ಣಿನಲ್ಲಿ ಎರೆಹುಳು ಹುದುಗಿಸಿ ತಾನೇ ಅಗೆದು ತಿನ್ನಲು ಬಿಡುತ್ತೇನೆ.