ವಿದೇಶದಿಂದ ಮೈಸೂರಿಗೆ ಮರಳಿದ ಕುಟುಂಬಗಳಿಗೆ: ತೆರಿಗೆಗೆ ಮೊದಲು ದಿನ ಎಣಿಸಿ

ದುಬೈ, ಲಂಡನ್, ನ್ಯೂಜೆರ್ಸಿ ಬಿಟ್ಟು ಮೈಸೂರಿಗೆ ವಾಪಸ್ ಬಂದ ಕುಟುಂಬಗಳು ನಮ್ಮ ಕನ್ನಡ ಸಂಘಕ್ಕೆ ಬಂದಾಗ ಮೊದಲು ಕೇಳುವುದು ಮಕ್ಕಳ ಸ್ಕೂಲಿನ ವಿಷಯ. ಆಮೇಲೆ ಮಕ್ಕಳಿಗೆ ಕನ್ನಡ ಓದಲು ಕಲಿಸುವವರು ಯಾರಿದ್ದಾರೆ, ಗ್ಯಾಸ್ ಕನೆಕ್ಷನ್‌ಗೆ ಏನು ಮಾಡಬೇಕು ಅನ್ನುತ್ತಾರೆ. ತೆರಿಗೆ ನೆನಪಾಗುವುದು ಜುಲೈನಲ್ಲಿ, ರಿಟರ್ನ್ ಹಾಕುವ ಹೊತ್ತಿಗೆ. ಅಷ್ಟರಲ್ಲಿ ಕೆಲವು ವಿಷಯ ಕೈಮೀರಿರುತ್ತದೆ. ನನಗೂ ಹಾಗೇ ಆಯಿತು. ಅದಕ್ಕೇ ಈ ಭಾಗವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಇನ್ನೂ ವಿಮಾನ ಹತ್ತದವರು ನಿಮ್ಮ ಬಳಗದಲ್ಲಿದ್ದರೆ ಅವರಿಗೆ ಮೊದಲು ಓದಿಸಿ.

ನೀವು ಇಲ್ಲಿನ ತೆರಿಗೆಗೆ ನಿವಾಸಿಯೋ ಅನಿವಾಸಿಯೋ ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ದಿನಗಳ ಲೆಕ್ಕ. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ 182 ದಿನ ಅಥವಾ ಜಾಸ್ತಿ ಇಲ್ಲಿದ್ದರೆ ನೀವು ನಿವಾಸಿ. ಇನ್ನೊಂದು ದಾರಿಯೂ ಇದೆ. ಆ ವರ್ಷ 60 ದಿನ ಇದ್ದು, ಅದರ ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿಯೇ. ರಜೆಗೆ ಬಂದುಹೋಗುವ ಭಾರತೀಯರಿಗೆ ಈ 60 ದಿನದ ಬದಲು 182 ದಿನದ ರಿಯಾಯಿತಿ ಇದೆ. ಅವರ ಇಲ್ಲಿನ ಆದಾಯ 15 ಲಕ್ಷ ರೂಪಾಯಿ ದಾಟಿದರೆ ಅದು 120 ದಿನ. ಆದರೆ ಮನೆ ಖಾಲಿ ಮಾಡಿಕೊಂಡು ಖಾಯಮ್ಮಾಗಿ ಬಂದವರು ರಜೆಗೆ ಬಂದವರಲ್ಲ, ಅಲ್ವಾ? ಅವರಿಗೆ ಆ ರಿಯಾಯಿತಿ ಸಿಗುವುದಿಲ್ಲ. ಅಪ್ಪ ಅಮ್ಮನನ್ನು ನೋಡಿಕೊಳ್ಳಲು ವರ್ಷಕ್ಕೆ ಮೂರು ತಿಂಗಳಂತೆ ನಾಲ್ಕು ವರ್ಷ ಬಂದಿದ್ದವರು 365ರ ಗಡಿಯಲ್ಲೇ ಇರುತ್ತಾರೆ. ಅಂಥವರು ಜನವರಿಯಲ್ಲಿ ಬಂದಿಳಿದರೂ ಅದೇ ವರ್ಷ ನಿವಾಸಿ ಆಗಿಬಿಡಬಹುದು.

ಒಂದು ಉದಾಹರಣೆ ನೋಡಿ. ಫೆಬ್ರವರಿಗೆ 28 ದಿನ ಇರುವ ವರ್ಷದಲ್ಲಿ ಅಕ್ಟೋಬರ್ 1ರಿಂದ ಮಾರ್ಚ್ 31ಕ್ಕೆ ಸರಿಯಾಗಿ 182 ದಿನ. ಅಂದರೆ ಅಕ್ಟೋಬರ್ 1ಕ್ಕೆ ಇಳಿದವರು ನಿವಾಸಿ. 2ಕ್ಕೆ ಇಳಿದವರಿಗೆ 181 ದಿನ. ಆ ವರ್ಷ ಮೊದಲು ಬಂದಿರದಿದ್ದರೆ, ಹಿಂದಿನ 4 ವರ್ಷದ ಲೆಕ್ಕವೂ 365 ಮುಟ್ಟದಿದ್ದರೆ, ಅವರು ಅನಿವಾಸಿಯಾಗಿಯೇ ಉಳಿಯುತ್ತಾರೆ. 2025ರಲ್ಲಿ ಜಂಬೂಸವಾರಿ ಅಕ್ಟೋಬರ್ 2ರಂದೇ ಇತ್ತು. ನವರಾತ್ರಿಯ ಮೊದಲ ದಿನದಿಂದ ದಸರಾ ನೋಡಬೇಕು ಅಂತ ಸೆಪ್ಟೆಂಬರ್ 22ಕ್ಕೇ ಬಂದು ಇಲ್ಲೇ ಉಳಿದವರಿಗೆ 191 ದಿನ ಆಯಿತು. ದಸರಾ ಬಿಡಿ ಅಂತ ನಾನು ಹೇಳುತ್ತಿಲ್ಲ. ಗೊತ್ತಿದ್ದು ಬನ್ನಿ ಅಂತಷ್ಟೇ. ಏಪ್ರಿಲ್, ಮೇನಲ್ಲಿ ಮದುವೆ, ಮುಂಜಿಗೆ ಬಂದುಹೋದ ದಿನಗಳೂ ಇದಕ್ಕೆ ಸೇರುತ್ತವೆ. ಬಂದ ದಿನ, ಹೋದ ದಿನ ಎರಡನ್ನೂ ಎಣಿಸಿಕೊಳ್ಳುವುದು ಕ್ಷೇಮ. ಈಗ ಎಷ್ಟೋ ದೇಶಗಳಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಹಾಕುವುದಿಲ್ಲ. ಟಿಕೆಟ್, ಬೋರ್ಡಿಂಗ್ ಪಾಸ್ ಎಸೆಯಬೇಡಿ.

ನಿವಾಸಿ ಆದ ತಕ್ಷಣ ಜಗತ್ತಿನ ಎಲ್ಲ ಆದಾಯಕ್ಕೂ ಇಲ್ಲಿ ತೆರಿಗೆ ಬೀಳುತ್ತದೆ ಅಂತ ಹೆದರಬೇಕಿಲ್ಲ. ನಡುವೆ ಒಂದು ಮೆಟ್ಟಿಲಿದೆ. ಆಡಿಟರ್‌ಗಳು ಅದನ್ನು ಆರ್‌ಎನ್‌ಒಆರ್ ಅನ್ನುತ್ತಾರೆ. ಅಂದರೆ ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಇಲ್ಲಿದ್ದದ್ದು 729 ದಿನ ಮೀರದಿದ್ದರೆ ನೀವು ಈ ಮೆಟ್ಟಿಲ ಮೇಲಿರುತ್ತೀರಿ. ಹತ್ತು ವರ್ಷ ಹೊರಗಿದ್ದವರಿಗೆ ಇದು ಸಾಮಾನ್ಯವಾಗಿ ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷ ಸಿಗುತ್ತದೆ. ಆಗ ಅಲ್ಲಿನ ಬ್ಯಾಂಕ್ ಬಡ್ಡಿ, ಅಲ್ಲಿನ ಷೇರು ಮಾರಿದ ಲಾಭಕ್ಕೆ ಇಲ್ಲಿ ತೆರಿಗೆ ಇಲ್ಲ. ಮಾರಬೇಕು ಅಂತಿರುವ ಷೇರು, ಮುಚ್ಚಬೇಕು ಅಂತಿರುವ ಖಾತೆಗಳನ್ನು ಈ ಅವಧಿಯಲ್ಲೇ ಮುಗಿಸಿಕೊಳ್ಳಿ. ಎರಡು ಮೂರು ವರ್ಷದ ಪ್ರಾಜೆಕ್ಟಿಗೆ ಹೋಗಿ ಬಂದವರಿಗೆ ಈ ಅನುಕೂಲ ಸಾಮಾನ್ಯವಾಗಿ ಸಿಗುವುದಿಲ್ಲ. ಅವರು ನೇರವಾಗಿ ಪೂರ್ತಿ ನಿವಾಸಿಗಳೇ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂಗಳ ನಂಬರು ಬದಲಾಗಿದೆ. ದಿನಗಳ ಈ ಲೆಕ್ಕ ಬದಲಾಗಿಲ್ಲ.

ಎಡವುವ ಮೂರು ಜಾಗ

ಮೊದಲನೆಯದು, ಮೈಸೂರಿನ ಮನೆಯಲ್ಲಿ ಕೂತು ಅಮೆರಿಕದ ಕಂಪನಿಗೆ ಕೆಲಸ ಮಾಡುವುದು. ಸಂಬಳ ಡಾಲರಿನಲ್ಲಿ ಬರುತ್ತೆ, ಹಾಗಾಗಿ ಅದು ವಿದೇಶಿ ಆದಾಯ ಅಂದುಕೊಳ್ಳುತ್ತಾರೆ. ತಪ್ಪು. ಕೆಲಸ ಎಲ್ಲಿ ನಡೆಯಿತೋ ಸಂಬಳ ಅಲ್ಲಿನದು. ಕುವೆಂಪುನಗರದಲ್ಲಿ ಕೂತು ದುಡಿದದ್ದು ಭಾರತದ ಆದಾಯ, ಆರ್‌ಎನ್‌ಒಆರ್ ಇದ್ದರೂ ತೆರಿಗೆ ಇದೆ. ಆ ಕಂಪನಿ ಇಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯದಿದ್ದರೆ ಮುಂಗಡ ತೆರಿಗೆಯನ್ನು ನೀವೇ ಕಟ್ಟಬೇಕು. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ನೇ ತಾರೀಕು ಗಡುವು. ತಪ್ಪಿದರೆ ಬಡ್ಡಿ.

ಎರಡನೆಯದು, ಹಳೇ ಕಂಪನಿಯ ಕೊನೆಯ ಲೆಕ್ಕ, ಬೋನಸ್. ಅದನ್ನು ನೇರವಾಗಿ ಇಲ್ಲಿನ ಖಾತೆಗೆ ಹಾಕಿಸಿಕೊಳ್ಳಬೇಡಿ. ಅನಿವಾಸಿಯಾಗಿದ್ದರೂ ಭಾರತದಲ್ಲಿ ಮೊದಲು ಕೈಗೆ ಬಂದ ಹಣಕ್ಕೆ ಇಲ್ಲಿ ತೆರಿಗೆ ಬೀಳಬಹುದು. ಅಲ್ಲಿನ ಖಾತೆಗೆ ಬರಲಿ, ಆಮೇಲೆ ಇಲ್ಲಿಗೆ ಕಳಿಸಿ. ನಿಮ್ಮದೇ ಉಳಿತಾಯ ತರುವುದು ಆದಾಯವಲ್ಲ.

ಮೂರನೆಯದರಲ್ಲಿ ಎಡವಿದ್ದು ನಾನೇ. ವಾಪಸ್ ಬಂದ ಮೇಲೂ ನನ್ನ ಎನ್‌ಆರ್‌ಇ ಠೇವಣಿ (ಅನಿವಾಸಿಗಳು ಹೊರಗಿನ ದುಡಿಮೆಯನ್ನು ಇಲ್ಲಿ ರೂಪಾಯಿಯಲ್ಲಿ ಇಡುವ ಠೇವಣಿ) ಒಂದು ವರ್ಷಕ್ಕೂ ಹೆಚ್ಚು ಹಾಗೇ ಇತ್ತು. ಬ್ಯಾಂಕಿನವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಡ್ಡಿಗೆ ತೆರಿಗೆ ಇಲ್ಲ ಅಂತಲೇ ರಿಟರ್ನ್ ಹಾಕಿದೆ. ಎನ್‌ಆರ್‌ಇ ಬಡ್ಡಿಯ ವಿನಾಯಿತಿಗೆ 182 ದಿನದ ಲೆಕ್ಕವೇ ಇಲ್ಲ ಅಂತ ಆಮೇಲೆ ತಿಳಿಯಿತು. ಅದು ವಿದೇಶಿ ವಿನಿಮಯದ ಕಾಯ್ದೆಯಾದ ಫೆಮಾದ ಲೆಕ್ಕ. ಇಲ್ಲೇ ಇರಬೇಕು ಅಂತ ಬಂದ ದಿನದಿಂದಲೇ ನೀವು ಫೆಮಾದಲ್ಲಿ ನಿವಾಸಿ. ಖಾತೆಯ ಹೆಸರು ಎನ್‌ಆರ್‌ಇ ಅಂತಿದ್ದರೂ ಆಮೇಲಿನ ಬಡ್ಡಿಗೆ ತೆರಿಗೆ ಇದೆ. ಕೊನೆಗೆ ಅಪ್‌ಡೇಟೆಡ್ ರಿಟರ್ನ್ ಹಾಕಿ ತೆರಿಗೆ, ಬಡ್ಡಿ, ಅವೆರಡರ ಮೇಲೆ ಶೇ 25 ಹೆಚ್ಚುವರಿ ಕಟ್ಟಿದೆ. ದುಡ್ಡಿಗಿಂತ ಆ ಎರಡು ತಿಂಗಳ ಚಿಂತೆ ಜಾಸ್ತಿ ಕಾಡಿತು. ನೀವು ಬಂದ ವಾರವೇ ಬ್ಯಾಂಕಿಗೆ ಪತ್ರ ಕೊಟ್ಟು ಎನ್‌ಆರ್‌ಇ ಮತ್ತು ಎನ್‌ಆರ್‌ಒ (ಅನಿವಾಸಿಗಳು ಇಲ್ಲಿನ ಆದಾಯ ಇಡುವ ಖಾತೆ) ಎರಡನ್ನೂ ಸಾಮಾನ್ಯ ಖಾತೆ ಮಾಡಿಸಿ. ಡಾಲರನ್ನು ಡಾಲರಾಗಿಯೇ ಇಡಬೇಕಿದ್ದರೆ ಆರ್‌ಎಫ್‌ಸಿ ಖಾತೆ ಕೇಳಿ. ಆರ್‌ಎನ್‌ಒಆರ್ ಇರುವ ತನಕ ಅದರ ಬಡ್ಡಿಗೆ ತೆರಿಗೆ ಇಲ್ಲ. ಅನಿವಾಸಿಯಾಗಿದ್ದಾಗ ವಿದೇಶಿ ಹಣದಲ್ಲೇ ಇಟ್ಟ ಎಫ್‌ಸಿಎನ್‌ಆರ್ ಠೇವಣಿ ಅವಧಿ ಮುಗಿಯುವ ತನಕ ಮುಂದುವರಿಯಬಹುದು.

ಹೊರಗಿರುವ ಆಸ್ತಿ

ಪೂರ್ತಿ ನಿವಾಸಿ ಆದ ವರ್ಷದಿಂದ ಅಲ್ಲಿನ ಖಾತೆ, ಷೇರು, ಮನೆ, ನಿವೃತ್ತಿ ನಿಧಿ ಎಲ್ಲವನ್ನೂ ರಿಟರ್ನಿನಲ್ಲಿ ತೋರಿಸಲೇಬೇಕು. ಒಂದು ಡಾಲರ್ ಆದಾಯ ಬರದಿದ್ದರೂ ತೋರಿಸಬೇಕು. ಇದಕ್ಕೆ ಐಟಿಆರ್-1 ಅನ್ನುವ ಸರಳ ರಿಟರ್ನ್ ಫಾರಂ ನಡೆಯುವುದಿಲ್ಲ, ಐಟಿಆರ್-2 ಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಮನೆ, ಜಮೀನು ಬಿಟ್ಟು ಉಳಿದದ್ದು ಒಟ್ಟು 20 ಲಕ್ಷ ಮೀರದಿದ್ದರೆ 2024ರ ಅಕ್ಟೋಬರ್‌ನಿಂದ ಆ ದಂಡ ಇಲ್ಲ. ಆದರೂ ತೋರಿಸಿಬಿಡಿ. ಅಲ್ಲಿನ ಬ್ಯಾಂಕುಗಳ ಮಾಹಿತಿ ದೇಶ ದೇಶಗಳ ಒಪ್ಪಂದದ ಮೂಲಕ ನಮ್ಮ ಇಲಾಖೆಗೆ ತಾನಾಗಿಯೇ ಬರುತ್ತದೆ.

ಅಮೆರಿಕದ 401ಕೆ ಅಥವಾ ಬ್ರಿಟನ್, ಕೆನಡಾದ ನಿವೃತ್ತಿ ನಿಧಿ ಇದ್ದವರು ಹಣ ತೆಗೆಯುವ ವರ್ಷವೇ ಇಲ್ಲಿ ತೆರಿಗೆ ಕಟ್ಟುವ ಆಯ್ಕೆ ಮಾಡಿಕೊಳ್ಳಬಹುದು. ಅದು ತಾನಾಗಿ ಸಿಗುವುದಿಲ್ಲ, ಅರ್ಜಿ ತುಂಬಬೇಕು. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ವಜಾ ಮಾಡಿಸಿಕೊಳ್ಳುವುದಕ್ಕೂ ಬೇರೆ ಫಾರಂ ಇದೆ. ಇಷ್ಟು ದಿನ ಅದನ್ನು ಫಾರಂ 67 ಅನ್ನುತ್ತಿದ್ದರು. ಕಟ್ಟಿದ ರಸೀದಿ ಇಟ್ಟುಕೊಂಡಿರಿ.

ಗಲ್ಫಿನಿಂದ ಬಂದವರಿಗೆ ಅಲ್ಲಿನ ಕಡೆ ತಲೆನೋವಿಲ್ಲ. ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವವರ ಕಥೆ ಬೇರೆ. ಮೈಸೂರಿನಲ್ಲೇ ಇದ್ದರೂ ಅವರು ಅಲ್ಲಿಗೂ ಪ್ರತಿ ವರ್ಷ ರಿಟರ್ನ್ ಹಾಕಬೇಕಾಗುತ್ತದೆ. ಇಲ್ಲಿನ ಖಾತೆಗಳಲ್ಲಿ ಒಟ್ಟು 10,000 ಡಾಲರ್ ಒಂದು ದಿನ ದಾಟಿದರೂ ಎಫ್‌ಬಾರ್ ಅನ್ನುವ ಇನ್ನೊಂದು ವರದಿ ಕೊಡಬೇಕು. ಅಲ್ಲಿ ಹುಟ್ಟಿದ ಮಗುವಿನ ಹೆಸರಲ್ಲಿ ಅಜ್ಜಿ ಇಟ್ಟ ಠೇವಣಿಯೂ ಲೆಕ್ಕಕ್ಕೆ ಬರುತ್ತದೆ. ಇವರು ಇಲ್ಲಿ ಮ್ಯೂಚುವಲ್ ಫಂಡ್ ಕೊಳ್ಳುವ ಮುಂಚೆ ಅಮೆರಿಕದ ತೆರಿಗೆ ಗೊತ್ತಿರುವವರನ್ನು ಕೇಳಲೇಬೇಕು. ಅಲ್ಲಿನ ನಿಯಮ ಅದರ ಮೇಲೆ ತುಂಬಾ ಬಿಗಿ.

ಮಂಡ್ಯ ಕಡೆಯ ಕುಟುಂಬಗಳಿಗೆ ಇದೇ ಮಾತು ಜಮೀನಿನ ವಿಷಯದಲ್ಲೂ ಬರುತ್ತದೆ. ಕಬ್ಬು, ಭತ್ತದ ದುಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಆದರೆ ಅಮೆರಿಕಕ್ಕೆ ಅದು ಆದಾಯವೇ. ಪಿತ್ರಾರ್ಜಿತ ಗದ್ದೆ ನಿಮ್ಮ ಹೆಸರಿಗೆ ಬಂದು, ನೀವು ಇನ್ನೂ ಅಲ್ಲಿಗೆ ರಿಟರ್ನ್ ಹಾಕುತ್ತಿದ್ದರೆ, ಪಹಣಿ ಮತ್ತು ಕಾರ್ಖಾನೆ ಕೊಟ್ಟ ಬಿಲ್ಲುಗಳನ್ನು ಜೋಡಿಸಿಡಿ. ಅಣ್ಣ ತಮ್ಮಂದಿರು ಒಟ್ಟಿಗೆ ಬೇಸಾಯ ಮಾಡಿಸುತ್ತಿದ್ದರೆ ಯಾರ ಪಾಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು.

ಹೊರಗಿದ್ದಾಗ ಇಲ್ಲಿನ ಮನೆ ಬಾಡಿಗೆಗೆ ಕೊಟ್ಟಿದ್ದಿರಾ? ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವವರು ಟಿಡಿಎಸ್ ಹಿಡಿಯಬೇಕು. ಹಿಡಿದಿದ್ದರೆ ಅದು ನಿಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿಯಾದ ಫಾರಂ 26ಎಎಸ್‌ನಲ್ಲಿ ಕಾಣುತ್ತದೆ, ರಿಟರ್ನ್ ಹಾಕಿದರೆ ಹೆಚ್ಚು ಕಟ್ಟಿದ್ದು ವಾಪಸ್ ಬರುತ್ತದೆ.

ಆಡಿಟರ್ ಹತ್ತಿರ ಹೋಗುವಾಗ ಹಳೆಯ, ಹೊಸ ಪಾಸ್‌ಪೋರ್ಟ್ ಎರಡನ್ನೂ ತೆಗೆದುಕೊಂಡು ಹೋಗಿ. ಹಿಂದಿನ 10 ವರ್ಷ ನೀವು ಇಲ್ಲಿದ್ದ ದಿನಗಳನ್ನು ವರ್ಷವಾರು ಮೊದಲೇ ಬರೆದುಕೊಂಡಿರಿ. ಗಂಡ, ಹೆಂಡತಿ ಇಬ್ಬರದೂ ಬೇರೆ ಬೇರೆ ಬರೆಯಿರಿ. ಹೆರಿಗೆಗೆ ಅಂತ ತವರಿಗೆ ಬಂದು ಆರು ತಿಂಗಳು ಉಳಿದವರ ಲೆಕ್ಕ ಗಂಡನ ಲೆಕ್ಕದ ಹಾಗೆ ಇರುವುದಿಲ್ಲ.