ದೇಹದ ವಯಸ್ಸು ತಿಳಿಯುವುದು ಹೇಗೆ? ಕರುಳಿಗೂ ಅದಕ್ಕೂ ಏನು ನಂಟು?

ಆಧಾರ್ ಕಾರ್ಡಿನಲ್ಲಿರುವ ವಯಸ್ಸು ಒಂದು, ದೇಹ ಸವೆದಿರುವ ಲೆಕ್ಕ ಇನ್ನೊಂದು. ಎರಡನೆಯದನ್ನು ಜೈವಿಕ ವಯಸ್ಸು ಅನ್ನುತ್ತಾರೆ. ಎಂಜಲಿನ ಡಿಎನ್‌ಎ ನೋಡಿ ಇದನ್ನು ಹೇಳುವ ಕಿಟ್‌ಗಳಿವೆ, ಮಲದ ಸ್ಯಾಂಪಲ್ ನೋಡಿ ಕರುಳಿನ ವಯಸ್ಸು ಹೇಳುವ ಕಿಟ್‌ಗಳೂ ಇವೆ. ಮೊದಲಿಗೇ ಅವಕ್ಕೆ ದುಡ್ಡು ಸುರಿಯಬೇಡಿ. ವಿಜಯಪುರದ ಯಾವುದೇ ಒಳ್ಳೆಯ ಲ್ಯಾಬಿನ ರಕ್ತ ಪರೀಕ್ಷೆ ಸಾಕು.

ಅಮೆರಿಕದ ಮಾರ್ಗನ್ ಲೆವಿನ್ ಮತ್ತು ತಂಡ 2018ರಲ್ಲಿ ಫೀನೋಏಜ್ ಎಂಬ ಲೆಕ್ಕ ಕೊಟ್ಟರು. ಅದಕ್ಕೆ ನಿಮ್ಮ ವಯಸ್ಸಿನ ಜೊತೆ 9 ರಕ್ತದ ಅಂಕಿ ಬೇಕು. ಲ್ಯಾಬಿನಲ್ಲಿ ಹೀಗೆ ಕೇಳಿ: ಸಿಬಿಸಿ (ರಕ್ತಕಣಗಳ ಎಣಿಕೆ), ಎಲ್‌ಎಫ್‌ಟಿ (ಲಿವರ್ ಪರೀಕ್ಷೆ), ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಖಾಲಿ ಹೊಟ್ಟೆಯ ಶುಗರ್, ಹೈ ಸೆನ್ಸಿಟಿವ್ ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದ್ದರೆ ಏರುವ ಪ್ರೊಟೀನ್). ಒಂಬತ್ತೂ ಇದರಲ್ಲೇ ಬರುತ್ತವೆ. ಜ್ವರ, ನೆಗಡಿ, ಹಲ್ಲುನೋವು ಇದ್ದಾಗ ಹೋಗಬೇಡಿ, ಸಿಆರ್‌ಪಿ ಸುಮ್ನೆ ಏರಿರುತ್ತದೆ. ಅದು ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಎರಡು ವಾರ ಬಿಟ್ಟು ಮತ್ತೆ ಮಾಡಿಸಿ.

ಈ ಅಂಕಿಗಳನ್ನು ಆನ್‌ಲೈನ್ ಫೀನೋಏಜ್ ಕ್ಯಾಲ್ಕುಲೇಟರಿಗೆ ಹಾಕುವಾಗಲೇ ಜಾಸ್ತಿ ಎಡವಟ್ಟಾಗುವುದು. ಅಳತೆ ಬೇರೆ ಬೇರೆ ಇರುತ್ತದೆ. ನಮ್ಮ ಲ್ಯಾಬ್‌ಗಳು ಶುಗರನ್ನು ಮಿಲಿಗ್ರಾಂನಲ್ಲಿ ಕೊಡುತ್ತವೆ. ಕ್ಯಾಲ್ಕುಲೇಟರ್ ಮಿಲಿಮೋಲ್ ಕೇಳಿದರೆ 18ರಿಂದ ಭಾಗಿಸಿ. 90 ಇದ್ದದ್ದು 5 ಆಗುತ್ತದೆ. ಎಲ್‌ಎಫ್‌ಟಿಯಲ್ಲಿ ಬರುವ ಆಲ್ಬುಮಿನ್ ಎಂಬ ಪ್ರೊಟೀನ್ ಲೀಟರ್ ಲೆಕ್ಕದಲ್ಲಿ ಬೇಕಿದ್ದರೆ 10ರಿಂದ ಗುಣಿಸಿ, 4.2 ಇದ್ದದ್ದು 42. ಸಿಆರ್‌ಪಿ ಲೀಟರಿಗೋ ಡೆಸಿಲೀಟರಿಗೋ ಎಂದು ಎರಡು ಸಲ ನೋಡಿ. ಅಲ್ಲಿ ತಪ್ಪಿದರೆ ವಯಸ್ಸು ಎರಡು ವರ್ಷಕ್ಕಿಂತ ಹೆಚ್ಚು ಆಚೀಚೆ ಆಗುತ್ತದೆ.

ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. ಸಿಬಿಸಿಯಲ್ಲಿ ಆರ್‌ಡಿಡಬ್ಲ್ಯೂ ಅಂತ ಒಂದು ಸಾಲಿರುತ್ತದೆ, ಕೆಂಪು ರಕ್ತಕಣಗಳ ಗಾತ್ರ ಎಷ್ಟು ಹೆಚ್ಚುಕಡಿಮೆ ಇದೆ ಎಂದು ಹೇಳುವ ಅಂಕಿ ಅದು. ಕಬ್ಬಿಣಾಂಶ ಕಡಿಮೆಯಿದ್ದರೆ ಅದು ಏರುತ್ತದೆ, ವಯಸ್ಸೂ ಜಾಸ್ತಿ ತೋರಿಸುತ್ತದೆ. ಹಾಗಿದ್ದರೆ ವಯಸ್ಸಿನ ಚಿಂತೆ ಬಿಟ್ಟು ಮೊದಲು ರಕ್ತಹೀನತೆಗೆ ಔಷಧ ತಗೊಳ್ಳಿ.

ಇನ್ನು ಕರುಳು. ನಾವು ತಿಂದ ನಾರಿನಂಶವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುಳಿಯಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಆ ಪದರ ಸಡಿಲವಾದರೆ ಬ್ಯಾಕ್ಟೀರಿಯಾದ ತುಣುಕುಗಳು ರಕ್ತಕ್ಕೆ ಸೇರಿ, ಮೈಯಲ್ಲಿ ಸಣ್ಣಗೆ ಉರಿಯೂತ ಶುರುವಾಗುತ್ತದೆ. ಉರಿಯೂತ ಕಾಣುವುದು ಸಿಆರ್‌ಪಿಯಲ್ಲಿ. ಅದಕ್ಕೇ ನಾನು ಒಟ್ಟು ವಯಸ್ಸಿಗಿಂತ ಈ ಒಂದು ಅಂಕಿಯನ್ನೇ ಹೆಚ್ಚು ನೋಡಿ ಅನ್ನುವುದು. ಕರುಳು ಸರಿಯಾದರೆ ವಯಸ್ಸೇ ಇಳಿಯುತ್ತದೆ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಅದಿನ್ನೂ ಸಾಬೀತಾಗಿಲ್ಲ.

ಊಟದಲ್ಲಿ ಏನು ಮಾಡಬೇಕು? ಜೋಳದ ರೊಟ್ಟಿ ಬಿಡಬೇಡಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ. ರೊಟ್ಟಿ ಜೊತೆ ಮಡಿಕೆಕಾಳು ಪಲ್ಯ, ಹಸಿ ಹಕ್ಕರಕಿ ಸೊಪ್ಪು, ಮೆಂತ್ಯೆ, ಉಳ್ಳಾಗಡ್ಡಿ ಇರಲಿ. ಕಾಳು ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬುತ್ತದೆ. ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ನೀರು ಚೆನ್ನಾಗಿ ಕುಡಿಯಿರಿ. ಜೊತೆಗೆ ದಿನಾ ಮೊಸರು, ಮಜ್ಜಿಗೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, 10 ವಾರ ಹುದುಗಿಸಿದ ಆಹಾರ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಬಗೆ ಹೆಚ್ಚಿತ್ತು, ಉರಿಯೂತದ ಗುರುತುಗಳು ಇಳಿದಿದ್ದವು. ಅಂಬಲಿಗೆ ಮಜ್ಜಿಗೆ ಬೆರೆಸುವವರು ಅಂಬಲಿ ಪೂರ್ತಿ ಆರಿದ ಮೇಲೆ ಬೆರೆಸಿ. ಬಿಸಿಗೆ ಬ್ಯಾಕ್ಟೀರಿಯಾ ಸತ್ತುಹೋಗುತ್ತವೆ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ತಂದು ನುಂಗುವುದನ್ನೂ ಬಿಡಿ, ಒಳ್ಳೆಯ ಬ್ಯಾಕ್ಟೀರಿಯಾಗಳೂ ಅದಕ್ಕೆ ಬಲಿಯಾಗುತ್ತವೆ.

ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ, ಅದೇ ರೀತಿ ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಿ. ಒಂದೆರಡು ವರ್ಷದ ಏರಿಳಿತಕ್ಕೆ ಅರ್ಥ ಹಚ್ಚಬೇಡಿ. ಕಿಡ್ನಿ ತೊಂದರೆ ಇರುವವರು, ಶುಗರ್ ಮಾತ್ರೆ ನುಂಗುವವರು ಊಟ ಬದಲಿಸುವ ಮೊದಲು ಡಾಕ್ಟರನ್ನು ಕೇಳಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಈ ಲೆಕ್ಕವೆಲ್ಲ ಪಕ್ಕಕ್ಕಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.