ಕನಿಕರ ಬೇಡ, ಲೆಕ್ಕ ಮಾಡಿಸಿ: ಬಡತನದ ಪಾಠಕ್ಕೆ ಕೆಲವು ಸರಳ ಚಟುವಟಿಕೆಗಳು

ಹುಬ್ಬಳ್ಳಿಯ ಶಾಲೆಯೊಂದರಲ್ಲಿ ನಾನು ಪಾಠ ಮಾಡುತ್ತಿದ್ದಾಗ ಗಾಂಧಿ ಜಯಂತಿಗೆಂದು ಹಳೆಯ ಬಟ್ಟೆ ಸಂಗ್ರಹಿಸಿದೆವು. ‘ಬಡವರಿಗೆ ನಮ್ಮ ನೆರವು’ ಎಂದು ಬಾಗಿಲಿಗೆ ಬರೆದು ಅಂಟಿಸಿದ್ದೆವು. ಎಂಟು ದಿನದ ಮೇಲೆ ಆರನೇ ತರಗತಿಯ ಹುಡುಗನೊಬ್ಬ ನೀಲಿ ಚೌಕುಳಿಯ ಅಂಗಿ ತೊಟ್ಟು ಬಂದ. ‘ಅದು ನನ್ನ ಅಂಗಿ, ಕಿಸೆಯ ಹತ್ತಿರ ಶಾಯಿ ಕಲೆ ಇದೆ ನೋಡಿ’ ಎಂದು ಪಕ್ಕದ ಬೆಂಚಿನವನು ಎಲ್ಲರೆದುರು ತೋರಿಸಿದ. ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಅಂಗಿ ತೊಟ್ಟಿದ್ದವನು ಮೂರು ದಿನ ಶಾಲೆಯ ಕಡೆ ಸುಳಿಯಲಿಲ್ಲ. ಬಡವರು ಎಲ್ಲೋ ದೂರದಲ್ಲಿದ್ದಾರೆ ಎಂದುಕೊಂಡು ಕಾರ್ಯಕ್ರಮ ಮಾಡಿದ ನಮ್ಮ ತಪ್ಪು ಅದು.

ನಮ್ಮ ಭಾಗದ ಯಾವ ಸರ್ಕಾರಿ ಶಾಲೆಗೆ ಹೋದರೂ ಅಪ್ಪ-ಅವ್ವ ಗೋವಾಕ್ಕೋ ಬೆಂಗಳೂರಿಗೋ ಗುಳೆ ಹೋಗಿ, ಅಜ್ಜಿಯ ಜೊತೆ ಉಳಿದಿರುವ ಮಗು ಸಿಗುತ್ತದೆ. ಆದ್ದರಿಂದ ಕೆಳಗಿನ ಯಾವುದನ್ನೇ ಮಾಡಿಸುವ ಮುನ್ನ ಒಂದು ಕಟ್ಟುಪಾಡು ಹಾಕಿಕೊಳ್ಳಿ. ‘ಬಿಪಿಎಲ್ ಕಾರ್ಡ್ ಇರುವವರು ಕೈ ಎತ್ತಿ’ ಎಂಬ ಮಾತು ತರಗತಿಯಲ್ಲಿ ಬರಬಾರದು. ಜಾತಿ ಕೇಳಬಾರದು. ಯಾರ ಮನೆಯ ಕಷ್ಟವೂ ಉದಾಹರಣೆಯಾಗಬಾರದು. ಲೆಕ್ಕಕ್ಕೆ ಕಲ್ಪನೆಯ ಕುಟುಂಬ ಸಾಕು.

ಸಂತೆಯ ಲೆಕ್ಕ

ಒಂದೇ ಚಟುವಟಿಕೆ ಮಾಡಿಸಲು ಸಮಯವಿದ್ದರೆ ಇದನ್ನು ಮಾಡಿಸಿ. ಐದನೇ ತರಗತಿಯಿಂದ ಮೇಲಿನವರಿಗೆ ಎರಡು ಪಿರಿಯಡ್ ಹಿಡಿಯುತ್ತದೆ.

ವಾರ ಮೊದಲೇ ಮಕ್ಕಳನ್ನು ಸಂತೆಗೆ ಕಳಿಸಿ. ಜೋಳ, ತೊಗರಿ ಬೇಳೆ, ಎಣ್ಣೆ, ಉಳ್ಳಾಗಡ್ಡಿ, ಸಕ್ಕರೆ, ಚಹಾಪುಡಿ, ಸಾಬೂನು, ನೋಟ್‌ಬುಕ್ ಇವುಗಳ ದರ ಅವರೇ ಬರೆದು ತರಲಿ. ಹೊಲದ ಕೆಲಸಕ್ಕೆ ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು ಕೂಲಿ ಎಂದು ಹಿರಿಯರನ್ನು ಕೇಳಿ ಬರಲಿ. ಪುಸ್ತಕದ ಅಂಕಿಗಿಂತ ತಾವೇ ತಂದ ಅಂಕಿಯನ್ನು ಮಕ್ಕಳು ನಂಬುತ್ತಾರೆ.

ಐದೈದು ಮಕ್ಕಳ ಗುಂಪು ಮಾಡಿ. ಪ್ರತಿ ಗುಂಪೂ ಒಂದು ಕುಟುಂಬ: ತಂದೆ, ತಾಯಿ, ಅಜ್ಜಿ, ಇಬ್ಬರು ಮಕ್ಕಳು. ಹಣದ ಬದಲು ಹುಣಸೆ ಬೀಜ ಕೊಡಿ, ಬೀಜಕ್ಕೆ 20 ರೂಪಾಯಿ. ಉದಾಹರಣೆಗೆ ಗಂಡಾಳಿಗೆ 500, ಹೆಣ್ಣಾಳಿಗೆ 300 ಎಂದು ಮಕ್ಕಳು ಬರೆದು ತಂದಿದ್ದರೆ, ವಾರದಲ್ಲಿ ನಾಲ್ಕು ದಿನ ಕೆಲಸ ಸಿಕ್ಕಿತೆಂದು ಹಿಡಿದು 3,200 ರೂಪಾಯಿ, ಅಂದರೆ 160 ಬೀಜ. ಪಡಿತರ ಅಕ್ಕಿ ಮನೆಯಲ್ಲಿದೆ ಎಂದೇ ಹಿಡಿಯಿರಿ. ಉಳಿದದ್ದನ್ನು ಅವರು ಕೊಳ್ಳಬೇಕು. ಹಂಚುವಾಗಲೇ ಯಾರಾದರೂ ಕೇಳುತ್ತಾರೆ: ಅಷ್ಟೇ ಹೊತ್ತು ಬಗ್ಗಿ ಕಳೆ ತೆಗೆದ ತಾಯಿಗೆ ಯಾಕೆ ಕಡಿಮೆ? ಯಾರೂ ಕೇಳದಿದ್ದರೆ ನೀವೇ ಕೇಳಿ. ಒಂದೇ ಕೆಲಸಕ್ಕೆ ಹೆಣ್ಣು ಗಂಡೆನ್ನದೆ ಒಂದೇ ವೇತನ ಕೊಡಬೇಕೆಂಬ ಕಾನೂನು 1976ರಲ್ಲೇ ಬಂದಿದೆ ಎಂದು ಹೇಳಿ.

ವಾರದ ಖರ್ಚು ಹೊಂದಿಸಿ ಮುಗಿಸಿದೆವು ಎನ್ನುವಷ್ಟರಲ್ಲಿ ಚೀಟಿ ಎತ್ತಿಸಿ. ‘ಎರಡು ದಿನ ಜಿಟಿಜಿಟಿ ಮಳೆ, ಕೆಲಸವಿಲ್ಲ’ ಎಂದು ಬಂದರೆ 80 ಬೀಜ ವಾಪಸ್. ‘ಸಣ್ಣ ಮಗುವಿಗೆ ಜ್ವರ’, ‘ಸಾಲದ ಬಡ್ಡಿ ಕೊಡುವ ದಿನ’, ‘ಪಂಚಮಿಗೆ ತಂದೆಯ ತಂಗಿಯನ್ನು ತವರಿಗೆ ಕರೆಯಬೇಕು’ ಎಂಬಂಥ ಚೀಟಿಗಳೂ ಇರಲಿ.

ಏಳನೇ ತರಗತಿಯ ಒಂದು ಗುಂಪಿನ ಪಕ್ಕ ನಾನು ಕುಳಿತಿದ್ದೆ. ಮಳೆಯ ಚೀಟಿ ಬಂದಿತ್ತು. ಮೊದಲು ಸಕ್ಕರೆ ಬಿಟ್ಟರು, ಆಮೇಲೆ ಸಾಬೂನು. ಅಜ್ಜಿಯ ಕಾಲುನೋವಿನ ಗುಳಿಗೆಗೆ ಇಟ್ಟ ಬೀಜಗಳನ್ನು ಒಬ್ಬಳು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. ‘ಅಜ್ಜಿಗೆ ರಾತ್ರಿ ನಿದ್ದೆ ಬರುವುದಿಲ್ಲ’ ಎಂದು ಇನ್ನೊಬ್ಬಳು ಅವನ್ನು ಮತ್ತೆ ಎಳೆದುಕೊಂಡಳು. ಕೊನೆಗೆ ಒಬ್ಬ ಹುಡುಗ ಮೆಲ್ಲಗೆ ಹೇಳಿದ: ‘ದೊಡ್ಡ ಹುಡುಗಿಯನ್ನು ಒಂದು ವಾರ ಶಾಲೆ ಬಿಡಿಸಿ ಕೂಲಿಗೆ ಕಳಿಸೋಣ.’ ಯಾರೂ ಬೇಡ ಎನ್ನಲಿಲ್ಲ.

ಇಂಥ ಹೊತ್ತಿನಲ್ಲಿ ಗದರಬೇಡಿ. ಆ ಮಗು ಕಂಡದ್ದನ್ನೇ ಹೇಳುತ್ತಿದೆ. ಆ ಹುಡುಗಿ ಶಾಲೆಯಲ್ಲೇ ಉಳಿಯಬೇಕಾದರೆ ಯಾರು ಏನು ಮಾಡಬೇಕಿತ್ತು ಎಂದು ಕೇಳಿ, ಹಲಗೆಯ ಮೇಲೆ ಬರೆಯುತ್ತಾ ಹೋಗಿ: ಕೂಲಿ ಕೊಡುವವರು, ಸಾಲ ಕೊಟ್ಟವರು, ಪಂಚಾಯಿತಿ, ಶಾಲೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಎಂಬ 2009ರ ಕಾಯ್ದೆಯನ್ನೂ, 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚಬಾರದೆಂದು ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯನ್ನೂ ಆಗ ಹೇಳಿದರೆ ಮನಸ್ಸಿಗೆ ಇಳಿಯುತ್ತದೆ. ತರಗತಿಯಲ್ಲಿ ನಿಜವಾಗಿಯೂ ದುಡಿಮೆಗೆ ಹೋಗುತ್ತಿರುವ ಮಗು ಇದೆ ಎಂದು ತಿಳಿದರೆ ಪ್ರತ್ಯೇಕವಾಗಿ ಮಾತನಾಡಿಸಿ. ಮಕ್ಕಳ ಸಹಾಯವಾಣಿ 1098 ಇದೆ.

ಹದಿನೈದು ನಿಮಿಷದ ಕೂಲಿ

ಬ್ಯಾಡಗಿಯ ಮೆಣಸಿನಕಾಯಿಯ ಬಣ್ಣ ದೇಶದಾಚೆಗೂ ಹೋಗುತ್ತದೆ. ಅದರ ತೊಟ್ಟು ಬಿಡಿಸಲು ಘಾಟಿನ ನಡುವೆ ದಿನವಿಡೀ ಕುಳಿತುಕೊಳ್ಳುವ ಹೆಂಗಸರಿಗೆ ಸಿಗುವುದು ತೂಕದ ಲೆಕ್ಕದ ಕೂಲಿ. ಮಕ್ಕಳ ಕೈಗೆ ಮೆಣಸಿನಕಾಯಿ ಕೊಡಬೇಡಿ, ಕೈಯೂ ಕಣ್ಣೂ ಉರಿಯುತ್ತವೆ. ಬದಲಿಗೆ ಶೇಂಗಾ ಸುಲಿಸಿ. ಹದಿನೈದು ನಿಮಿಷ ಗಡಿಯಾರ ನೋಡಿ ಸುಲಿಯಲಿ, ಬೀಜ ತೂಗಿ 32ರಿಂದ ಗುಣಿಸಲಿ. ಅದು ಎಂಟು ತಾಸಿನ ಕೆಲಸ. ಊರಿನಲ್ಲಿ ಕಿಲೋಗೆ ಕೊಡುವ ಕೂಲಿ ಕೇಳಿಕೊಂಡು ಬಂದು ದಿನದ ಗಳಿಕೆ ತೆಗೆಯಲಿ. ಆಮೇಲೆ ಹಿಂದಿನ ಚಟುವಟಿಕೆಯ ಸಂತೆ ಪಟ್ಟಿಯನ್ನು ಪಕ್ಕದಲ್ಲಿಡಿ.

ಹುಬ್ಬಳ್ಳಿಯ ಮಕ್ಕಳಿಗೆ ಇನ್ನೊಂದು ದಾರಿ ಹತ್ತಿರದಲ್ಲೇ ಇದೆ. ಖಾದಿ ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿಯ ಘಟಕದಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಆಗಸ್ಟ್ 15ಕ್ಕೆ ಮೊದಲು ಅನುಮತಿ ಪಡೆದು ಭೇಟಿ ಕೊಟ್ಟರೆ, ಹತ್ತಿಯಿಂದ ಧ್ವಜದವರೆಗೆ ಎಷ್ಟು ಕೈ ದಾಟುತ್ತದೆ ಎಂದು ಮಕ್ಕಳು ಎಣಿಸಿ ಬರಬಹುದು.

ತರಗತಿಯ ಸಹಕಾರ ಅಂಗಡಿ

ಬಡತನದ ಲೆಕ್ಕವನ್ನಷ್ಟೇ ತೋರಿಸಿ ಬಿಟ್ಟರೆ ಮಕ್ಕಳ ಎದೆ ಭಾರವಾಗುತ್ತದೆ. ಅದರಿಂದ ಹೊರಬರಲು ಜನ ಹುಡುಕಿದ ದಾರಿಯನ್ನೂ ತೋರಿಸಿ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿತು. ಬಡ್ಡಿ ವ್ಯಾಪಾರಿಯ ಮನೆ ಬಾಗಿಲಿಗೆ ಹೋಗುವ ಬದಲು ರೈತರು ತಮ್ಮ ತಮ್ಮಲ್ಲೇ ಹಣ ಕೂಡಿಸಿ ಸಾಲ ಪಡೆಯುವ ವ್ಯವಸ್ಥೆ ಅದು.

ನೀವೂ ಸಣ್ಣದಾಗಿ ಆರಂಭಿಸಿ. ಪಾಲು ಎರಡೇ ರೂಪಾಯಿ, ಒಬ್ಬರಿಗೆ ಒಂದೇ ಪಾಲು. ಕೊಡಲಾಗದ ಮಗು ಅಂಗಡಿಯಲ್ಲಿ ಅರ್ಧ ತಾಸು ಕೆಲಸ ಮಾಡಿದರೂ ಪಾಲು ಸಿಗಲಿ, ಯಾರು ಹೇಗೆ ಪಾಲು ಪಡೆದರೆಂಬುದು ಪುಸ್ತಕದಲ್ಲಿ ಬರೆಯದಿರಲಿ. ಸಗಟು ದರದಲ್ಲಿ ಪೆನ್ಸಿಲ್, ನೋಟ್‌ಬುಕ್ ತಂದು ಮಾರಿ. ಲಾಭ ಏನು ಮಾಡಬೇಕೆಂದು ತಿಂಗಳಿಗೊಮ್ಮೆ ಮತ ಹಾಕಿ ತೀರ್ಮಾನಿಸಲಿ. ಸಾಹುಕಾರರ ಮಗನಿಗೂ ಒಂದೇ ಮತ, ಹಮಾಲರ ಮಗಳಿಗೂ ಒಂದೇ ಮತ.

ಬಿಸಿಯೂಟದ ಸಾಲಿನಲ್ಲಿ ಗುಂಪುಗುಂಪಾಗಿ ದೂರ ಕೂರುವ ರೂಢಿ ನಿಮ್ಮ ಶಾಲೆಯಲ್ಲಿದ್ದರೆ ಭಾಷಣಕ್ಕೆ ಹೋಗಬೇಡಿ. ದಿನವೂ ಚೀಟಿ ಎತ್ತಿಸಿ ಜಾಗ ಕೊಡಿ, ಶಿಕ್ಷಕರೂ ಆ ಸಾಲಿನಲ್ಲೇ ಕುಳಿತು ಉಣ್ಣಲಿ.

ಪ್ರಶ್ನೆಗಳನ್ನು ಎಲ್ಲಿಗೆ ಒಯ್ಯಬೇಕು?

ಇಷ್ಟೆಲ್ಲ ಮಾಡಿದರೆ ಮಕ್ಕಳಲ್ಲಿ ಪ್ರಶ್ನೆಗಳು ಏಳುತ್ತವೆ. ಆ ಓಣಿಗೆ ಮಾತ್ರ ನಳದ ನೀರು ಯಾಕಿಲ್ಲ? ಗುಳೆ ಹೋದವರ ಮಕ್ಕಳಿಗೆ ಊರಿನಲ್ಲಿ ವಸತಿ ಯಾಕಿಲ್ಲ? ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ದಿನಾಂಕವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಮೊದಲೇ ತಿಳಿದುಕೊಳ್ಳಿ. ಒಂದು ಹಾಳೆಗೆ ಒಂದೇ ಪ್ರಶ್ನೆ, ಮಕ್ಕಳದೇ ಕೈಬರಹ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ತಂದು ತರಗತಿಯ ಗೋಡೆಗೆ ಅಂಟಿಸಿ. ಉತ್ತರ ಬಂದ ದಿನಾಂಕ ಬರೆಯಲು ಅದರ ಪಕ್ಕದಲ್ಲೇ ಜಾಗ ಬಿಡಿ.